ಆಡಿದವನು ಆಡಿಸುವವನಾದರೆ ಇಳಿದನೋ?



ಹರಿಹರದ ಬಳಿ ಹೊಳೆಯ ದಂಡೆಯಲ್ಲಿರುವ ಒಂದು ಹಳ್ಳಿಯಿಂದ ಒಬ್ಬ ತಂದೆಯು ಹೋದ ಸುಗ್ಗಿಯ ಕಾಲದಲ್ಲಿ ನನ್ನ ಮನೆಗೆ ಬಂದು, ಬಹಳ ಹೊತ್ತು ಮಾತಾಡದೆ ಕೂತಿದ್ದು, ಕಡೆಗೆ ತನ್ನ ಮಗನ ಸಂಗತಿಯನ್ನು ಎತ್ತಿದನು. ಆ ಮಗನು ಎಳೆಯ ಪ್ರಾಯದಲ್ಲಿಯೇ ಊರು ಬಿಟ್ಟು, ದೂರದ ಪಟ್ಟಣಗಳಲ್ಲಿ ಸಂಬಳಕ್ಕೆ ಕಾಲ್ಚೆಂಡಾಡಿ, ಒಂಭತ್ತು ವರ್ಷ ಮನೆಗೆ ಹಣ ಕಳುಹಿಸಿದವನು. ಮೊಣಕಾಲಿಗೆ ಎರಡು ಸಾರಿ ಪೆಟ್ಟು ಬಿದ್ದ ಮೇಲೆ ಅವನ ಆಟವು ನಿಂತಿತು. ಈಗ ಅವನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ಆಟ ಕಲಿಸುವ ಕೆಲಸಕ್ಕೆ ಸೇರಿದ್ದಾನೆ. ಸಂಬಳವು ಸ್ವಲ್ಪ, ಅದೂ ವರ್ಷ ವರ್ಷಕ್ಕೆ ಗೊತ್ತುಮಾಡತಕ್ಕದ್ದು.

“ಮೇಷ್ಟ್ರೇ,” ಎಂದನು ಆ ತಂದೆ, “ನನ್ನ ಮಗ ಆನೆ ಮೇಲೆ ಕೂತಿದ್ದವನು. ಈಗ ಆನೆಗೆ ಸೊಪ್ಪು ಕಡಿಯುವವನಾದ. ಊರಿನಲ್ಲಿ ಕೇಳಿದವರಿಗೆ ನಾನು ಏನು ಹೇಳಲಿ?”

ನಾನು ಆ ಹೊತ್ತಿಗೆ, ಕಲಿಸುವ ಕೆಲಸವು ದೊಡ್ಡದು, ಗುರುವಿನ ಸ್ಥಾನವು ಮೇಲಾದದ್ದು, ಎಂದು ನಾಲ್ಕು ಮಾತು ಹೇಳಿ, ಕಾಫಿ ಕೊಟ್ಟು ಕಳುಹಿಸಿದೆನು. ಅವನು ಹೋದ ಮೇಲೆ ನನ್ನ ಮಾತು ನನಗೇ ಸಪ್ಪಗೆ ತೋರಿತು. ಯಾಕಂದರೆ ಅವನು ಕೇಳಿದ್ದು ಗುರುವಿನ ಮಹಿಮೆಯನ್ನಲ್ಲ. ಮೇಲೆ ಏರಿದ ಮನುಷ್ಯನು ಕೆಳಗೆ ಬಂದಾಗ ಅವನಲ್ಲಿ ಏನು ಉಳಿಯುತ್ತದೆ ಎಂಬದೇ ಅವನ ಪ್ರಶ್ನೆ. ಇದು ನಮ್ಮಲ್ಲಿ ಅನೇಕ ಮನೆಗಳ ಪ್ರಶ್ನೆಯಾದದರಿಂದ ಈ ಸಾರಿ ಇದನ್ನೇ ವಿಚಾರಿಸೋಣ.

ಮೊದಲು ಆ ತಂದೆಯ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳಬೇಕು. ಆಟಗಾರನ ನಷ್ಟವು ಬರೀ ಭ್ರಮೆಯಲ್ಲ. ಒಕ್ಕಲಿಗನ ಕೈಯೂ ನೇಕಾರನ ಕೈಯೂ ಕಮ್ಮಾರನ ಕೈಯೂ ವರ್ಷ ಹೋದ ಹಾಗೆ ಪಳಗುತ್ತವೆ. ಐವತ್ತು ವರ್ಷದ ಬಡಗಿಯು ಇಪ್ಪತ್ತರ ಬಡಗಿಗಿಂತ ಹೆಚ್ಚು ಬಾಳುತ್ತಾನೆ. ಆಟಗಾರನಿಗಾದರೋ ಮೂವತ್ತೈದಕ್ಕೆ ಮುಪ್ಪು. ಇತರರು ತಮ್ಮ ಕಸುಬಿನಲ್ಲಿ ಬೇರೂರುವ ವಯಸ್ಸಿನಲ್ಲಿ ಅವನ ಕಸುಬು ಅವನನ್ನು ಹೊರಗೆ ಕಳುಹಿಸುತ್ತದೆ. ಕೆಲಸ ನಿಂತುಹೋಗುವದೆಂದರೆ ಏನೆಂಬದನ್ನು ಈ ಎರಡು ಊರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳ ಕೂಗನ್ನು ಕೇಳಿ ಎದ್ದವರು, ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತು ಯಂತ್ರಗಳನ್ನು ಕೂಡಿಸಿದವರು, ಬಾಗಿಲು ಮುಚ್ಚಿದ ದಿವಸ ಮನೆಗೆ ಹೇಗೆ ಬಂದರೆಂಬದನ್ನು ಅವರ ಮಕ್ಕಳು ಮರೆತಿಲ್ಲ. ನನ್ನ ಬಳಿಗೆ ಬಂದ ತಂದೆಯೂ ಅಂಥವರಲ್ಲಿ ಒಬ್ಬನು. ಆದದರಿಂದ ಅವನ ಭಯವನ್ನು ಅವಿಶ್ವಾಸವೆಂದಾಗಲಿ ದುರಾಶೆಯೆಂದಾಗಲಿ ಕರೆಯುವದು ನ್ಯಾಯವಲ್ಲ.

ಆದರೆ ಒಂದು ಸಂಗತಿಯನ್ನು ನೋಡಿರಿ. ಇದೇ ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ಗರಡಿಮನೆಗಳುಂಟು. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಸುತ್ತಣ ಊರುಗಳಿಂದ ಪೈಲ್ವಾನರು ಬರುತ್ತಾರೆ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಆ ಪೈಲ್ವಾನನ ಬಲವೂ ಒಂದು ದಿನ ಕುಂದುತ್ತದೆ. ಆಗ ಅವನು ಗರಡಿಯಲ್ಲಿಯೇ ಉಳಿದು ವಸ್ತಾದನಾಗುತ್ತಾನೆ. ಬೆಳಗಿನ ಜಾವ ಎದ್ದು ಕೆಮ್ಮಣ್ಣನ್ನು ಅಗೆಸಿ, ಎಣ್ಣೆ ಮಜ್ಜಿಗೆಗಳನ್ನು ಕೂಡಿಸಿ ಹದಮಾಡಿಸಿ, ಹುಡುಗರಿಗೆ ಸಾಮು ತೆಗೆಯಿಸಿ, ಪಟ್ಟುಗಳನ್ನು ಕಲಿಸುತ್ತಾನೆ. ಇವನು ಇಳಿದನು ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಗರಡಿಯ ಪೂಜೆ ಮೊದಲಾದವುಗಳಿಗಾಗಿ ನಮ್ಮವರಲ್ಲಿ ಕೆಲವರು ಅದರ ಹೊಸ್ತಿಲು ತುಳಿಯುವದಿಲ್ಲ; ಅದು ಅವರವರ ಮನಸ್ಸಾಕ್ಷಿಯ ಮಾತು. ಆದರೂ ನೆರೆಯವರ ಮನೆಯಲ್ಲಿ ಒಳ್ಳೆಯದನ್ನು ಕಂಡರೆ ಒಳ್ಳೆಯದೆಂದೇ ಹೇಳಬೇಕು. ಕುಸ್ತಿಯವನು ವಸ್ತಾದನಾದರೆ ಊರು ಅವನಿಗೆ ಎದ್ದು ನಿಲ್ಲುತ್ತದೆ. ಚೆಂಡಿನವನು ಕಲಿಸುವವನಾದರೆ ಅಯ್ಯೋ ಪಾಪ ಎನ್ನುತ್ತದೆ. ಈ ಭೇದವು ಎಲ್ಲಿಂದ ಬಂತು?

ನನಗೆ ತೋರುವ ಕಾರಣವು ಇದು. ಗರಡಿಯ ಲೋಕದಲ್ಲಿ ಕಲಿಯುವದೂ ಕಾದುವದೂ ಕಲಿಸುವದೂ ಒಂದೇ ಮಣ್ಣಿನಲ್ಲಿ ನಡೆಯುತ್ತವೆ. ಚೆಂಡಾಟದ ಲೋಕದಲ್ಲಾದರೋ ಆಟಗಾರನನ್ನು ನಾವು ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಕಾಣುತ್ತೇವೆ, ಕಲಿಸುವವನನ್ನು ಕಾಣುವದಿಲ್ಲ. ಎಷ್ಟು ಕಣ್ಣುಗಳು ನೋಡಿದವೋ ಕೆಲಸವು ಅಷ್ಟು ದೊಡ್ಡದು ಎಂದು ಅಳೆಯುವದಕ್ಕೆ ಅಭ್ಯಾಸವಾಗಿಬಿಟ್ಟಿದ್ದೇವೆ.

ಈ ಅಳತೆಗೋಲು ಸರಿಯೋ ಎಂದು ದಾವಣಗೆರೆಯವರಿಗೆ ಚೆನ್ನಾಗಿ ಗೊತ್ತಿರುವ ಒಬ್ಬರ ವೃತ್ತಾಂತದಿಂದಲೇ ಪರೀಕ್ಷಿಸೋಣ. ಆಟವು ಕಾಲ್ಚೆಂಡಲ್ಲ, ಕ್ರಿಕೆಟು; ಆದರೂ ವಿಚಾರವು ಒಂದೇ. ಆರ್. ವಿನಯ್ ಕುಮಾರ್ ಎಂಬವರು 1984ರಲ್ಲಿ ದಾವಣಗೆರೆಯಲ್ಲಿ ಆಟೋ ಓಡಿಸುವವರೊಬ್ಬರ ಮಗನಾಗಿ ಹುಟ್ಟಿದರು. ಅವರ ಮುಂದಾಳುತನದಲ್ಲಿ ಕರ್ನಾಟಕದ ತಂಡವು 2013–14ರಲ್ಲಿಯೂ 2014–15ರಲ್ಲಿಯೂ ರಣಜಿ ಪಾರಿತೋಷಕವನ್ನು ಗೆದ್ದಿತು. ಪ್ರಥಮ ದರ್ಜೆಯ ಆಟಗಳಲ್ಲಿ ಅವರು ಕಿತ್ತ ವಿಕೆಟುಗಳು 504. ಆದರೆ ಲೋಕವೆಲ್ಲಾ ನೋಡುವ ಟೆಸ್ಟ್ ಪಂದ್ಯವನ್ನು ಅವರು ಆಡಿದ್ದು ಒಂದೇ ಒಂದು. 2012ರ ಜನವರಿಯಲ್ಲಿ, ಆಸ್ಟ್ರೇಲಿಯ ದೇಶದ ಪರ್ತ್ ಪಟ್ಟಣದಲ್ಲಿ. ಅಲ್ಲಿ ದೊರೆತದ್ದು ಒಂದು ವಿಕೆಟು. 2021ರಲ್ಲಿ ಅವರು ಆಟವನ್ನು ಬಿಟ್ಟು, ಆಮೇಲೆ ಎಳೆಯ ಆಟಗಾರರನ್ನು ಹುಡುಕುವ ಮತ್ತು ಚೆಂಡೆಸೆಯುವದನ್ನು ಕಲಿಸುವ ಕೆಲಸಕ್ಕೆ ತಿರುಗಿದರು. ಕಣ್ಣುಗಳ ಲೆಕ್ಕದಿಂದ ಅಳೆದರೆ ಪರ್ತಿನ ಆ ಕೆಲವು ದಿವಸಗಳೇ ಅವರ ಬಾಳಿನ ಶಿಖರವಾಗಬೇಕು, ಬಾಕಿ ಇಪ್ಪತ್ತು ವರ್ಷಗಳ ದುಡಿತವು ತಗ್ಗಾಗಬೇಕು. ಆಟವನ್ನು ಬಲ್ಲವರಾರೂ ಹಾಗೆ ಹೇಳುವದಿಲ್ಲ. ಕರ್ನಾಟಕಕ್ಕೆ ಅವರು ಮಾಡಿದ ಸೇವೆಯೆಲ್ಲಾ ಬಹುಮಟ್ಟಿಗೆ ಬರಿದಾದ ಮೆಟ್ಟಲುಗಳ ಮುಂದೆ ನಡೆಯಿತು. ಇನ್ನೂ ಹಿಂದಕ್ಕೆ ಹೋದರೆ, ದಾವಣಗೆರೆಯ ಬಯಲಿನಲ್ಲಿ ಒಬ್ಬ ಹುಡುಗನಿಗೆ ಚೆಂಡಿನ ಹೊಲಿಗೆಯ ಮೇಲೆ ಬೆರಳನ್ನು ಹೇಗೆ ಇಡಬೇಕೆಂದು ತೋರಿಸಿಕೊಟ್ಟ ಸಾಯಂಕಾಲಗಳನ್ನು ಯಾರು ನೋಡಿದರು? ಆ 504ರಲ್ಲಿ ಆ ಸಾಯಂಕಾಲಗಳ ಪಾಲು ಎಷ್ಟೆಂದು ಬರೆಯುವದಕ್ಕೆ ಅಂಕಪಟ್ಟಿಯಲ್ಲಿ ಸಾಲೇ ಇಲ್ಲ.

ಕಾಲ್ಚೆಂಡಾಟಕ್ಕೇ ಬರೋಣ. ನಮ್ಮ ದೇಶದವರು ಈ ಆಟದಲ್ಲಿ ಕಂಡ ಒಳ್ಳೆಯ ಕಾಲವು 1951ರಿಂದ 1962ರ ವರೆಗಿನದು. ಆ ಕಾಲದಲ್ಲಿ ತಂಡವನ್ನು ಸಿದ್ಧಮಾಡಿದ ಸೈಯದ್ ಅಬ್ದುಲ್ ರಹೀಮ್ ಎಂಬವರು ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯರು. ಇವರು ಕಲಿಸಿದ ತಂಡವು 1951ರಲ್ಲಿ ದೆಹಲಿಯ ಏಷ್ಯಾ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದಿತು. 1956ರಲ್ಲಿ ಮೆಲ್ಬರ್ನಿನ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಗಿ ನಿಂತಿತು. ನಮ್ಮ ನಾಡಿನ ಕೆಂಪಯ್ಯನವರು ಆ ತಂಡದಲ್ಲಿದ್ದರು. 1962ರ ಸೆಪ್ಟೆಂಬರ್ 4ರಲ್ಲಿ ಜಕಾರ್ತ ಪಟ್ಟಣದಲ್ಲಿ, ಮೊದಲ ಸುತ್ತಿನಲ್ಲಿ ತಮ್ಮನ್ನು ಸೋಲಿಸಿದ್ದ ದಕ್ಷಿಣ ಕೊರಿಯದವರನ್ನೇ ಎರಡಕ್ಕೆ ಒಂದರಂತೆ ಗೆದ್ದು ತಿರುಗಿ ಚಿನ್ನವನ್ನು ತಂದರು. ತಲೆಗೆ ಗಾಯವಾಗಿದ್ದ ಜರ್ನೈಲ್ ಸಿಂಗರನ್ನು ಹಿಂದಿನ ಕಾವಲಿನಿಂದ ತೆಗೆದು ಮುಂದಕ್ಕೆ ನಿಲ್ಲಿಸಿದವರು ರಹೀಮರೇ. ಗೆಲವಿನ ಎರಡು ಗೋಲುಗಳಲ್ಲಿ ಒಂದು ಜರ್ನೈಲ್ ಸಿಂಗರದು. ಆ ದಿವಸ ರಹೀಮರ ದೇಹವನ್ನು ಅರ್ಬುದ ರೋಗವು ತಿನ್ನುತ್ತಿತ್ತು. 1963ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು.

ಇವರು ಹೈದರಾಬಾದಿನ ಎಳೆಯರಿಗಾಗಿ ನಡಿಸಿದ ಪಂದ್ಯಗಳ ಕ್ರಮವನ್ನು ಹೇಳದೆ ಮುಂದೆ ಹೋಗಲಾರೆನು. ಬಲವಿಲ್ಲದ ಕಾಲಿನಿಂದಲೇ ಆಡಬೇಕೆಂಬ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಚೆಂಡನ್ನು ತನ್ನ ಕಾಲಿನಲ್ಲಿಯೇ ಇಟ್ಟುಕೊಂಡು ಚಮತ್ಕಾರ ತೋರಿಸದೆ ಕೂಡಲೇ ಜೊತೆಗಾರನಿಗೆ ದಾಟಿಸಬೇಕೆಂಬ ಪಂದ್ಯಗಳನ್ನೂ ನಡಿಸುತ್ತಿದ್ದರು. ಇದರ ಪ್ರಯೋಜನವು ಆಟದ ಚಾತುರ್ಯವೇ. ಆದರೂ ತನ್ನಲ್ಲಿ ಬಲಹೀನವಾದದ್ದನ್ನು ಮುಚ್ಚಿಡದೆ ಅದರಿಂದಲೇ ದುಡಿಯುವದು, ಕೈಗೆ ಬಂದದ್ದನ್ನು ತಡಮಾಡದೆ ಕೊಡುವದು, ಇವು ಬಯಲಿನ ಹೊರಗೂ ಬೇಕಾದ ಪಾಠಗಳೆಂದು ಒಬ್ಬ ಮೇಷ್ಟ್ರಿಗೆ ತಿಳಿಯದೆ ಇದ್ದೀತೇ?

ಹೆಸರನ್ನು ಗಳಿಸಿ ಅದನ್ನು ಬಿಟ್ಟುಬಂದವರೂ ಉಂಟು. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ನಮ್ಮ ಕಾಲ್ಚೆಂಡಿನ ತಂಡದ ನಾಯಕರು ತಾಲಿಮೆರೆನ್ ಆವ್. ಇವರು ನಾಗಾ ಬೆಟ್ಟಗಳಲ್ಲಿ ಒಬ್ಬ ಬಾಪ್ಟಿಸ್ಟ್ ಸಭಾಪಾಲಕರ ಮಗನಾಗಿ 1918ರಲ್ಲಿ ಹುಟ್ಟಿದವರು. ತಂದೆಯನ್ನು ಎಳೆತನದಲ್ಲಿಯೇ ವಿಷಮಶೀತ ಜ್ವರವು ಕೊಂಡುಹೋಯಿತು. ಮಗನು ವೈದ್ಯನಾಗಬೇಕೆಂಬದು ಅವರ ಕಡೆಯ ಆಶೆಯಾಗಿತ್ತು. ಮಗನು ಕಲ್ಕತ್ತೆಗೆ ಹೋಗಿ ವೈದ್ಯ ವಿದ್ಯೆಯನ್ನು ಕಲಿಯುತ್ತಾ ಮೋಹನ್ ಬಾಗಾನ್ ತಂಡಕ್ಕೆ ಆಡಿದನು. ಲಂಡನ್ನಿನಲ್ಲಿ ದೇಶದ ಧ್ವಜವನ್ನು ಹಿಡಿದು ಮುಂದೆ ನಡೆದನು. ಫ್ರಾನ್ಸಿನವರಿಗೆ ಆ ತಂಡವು ಎರಡಕ್ಕೆ ಒಂದರಂತೆ ಸೋತರೂ, ಬರಿಗಾಲಿನಲ್ಲಿ ಆಡಿದವರನ್ನು ನೋಡಿ ಜನರು ಬೆರಗಾದರು. ಆಮೇಲೆ ಏನು ಮಾಡಿದರು? ವೈದ್ಯ ಪರೀಕ್ಷೆಯನ್ನು ಮುಗಿಸಿಕೊಂಡು ಬೆಟ್ಟಕ್ಕೆ ಮರಳಿ, ಕೊಹಿಮಾದಲ್ಲಿ ರೋಗಿಗಳನ್ನು ನೋಡುತ್ತಾ, ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ಮೇಲಧಿಕಾರಿಯಾಗಿ ದುಡಿದು, 1998ರಲ್ಲಿ ಕಣ್ಣು ಮುಚ್ಚಿದರು. ಕಲ್ಕತ್ತೆಯ ಮೈದಾನದಿಂದ ಕೊಹಿಮಾದ ಆಸ್ಪತ್ರೆಗೆ ಹೋದದ್ದು ಇಳಿದದ್ದೋ ಏರಿದ್ದೋ? ಊರು ಸಮುದ್ರಮಟ್ಟಕ್ಕಿಂತ ಎತ್ತರವೇನೋ ಹೌದು.

ಇಲ್ಲಿಯ ವರೆಗೆ ಹೇಳಿದ್ದು ಸುಲಭವಾದ ಭಾಗ. ಇಳಿದನೋ ಎಂಬ ಪ್ರಶ್ನೆಗೆ ಇಲ್ಲವೆಂದು ಉತ್ತರ ಕೊಟ್ಟರೂ, ಕಲಿಸುವ ಕೆಲಸದಲ್ಲಿಯೇ ಇನ್ನೊಂದು ಹಳ್ಳವುಂಟು. ಆಡಿ ಹೆಸರಾದವನು ಅದರಲ್ಲಿ ಬೇಗ ಬೀಳುತ್ತಾನೆ. ಅದೇನಂದರೆ, ತನ್ನಲ್ಲಿ ಅರ್ಧಕ್ಕೆ ನಿಂತ ಆಟವನ್ನು ಹುಡುಗರ ಕಾಲುಗಳಿಂದ ಮುಗಿಸಬೇಕೆಂಬ ಆಶೆ. ಆಗ ಅವನು ಹುಡುಗರನ್ನು ನೋಡುವದಿಲ್ಲ, ಅವರ ಮೂಲಕ ತನ್ನನ್ನೇ ನೋಡಿಕೊಳ್ಳುತ್ತಾನೆ. ಚುರುಕಾದ ಹನ್ನೊಂದು ಮಂದಿ ಅವನಿಗೆ ಬೇಕಾಗುತ್ತಾರೆ, ಬಾಕಿಯವರು ಬೇಲಿಯಾಗುತ್ತಾರೆ. ಇದನ್ನು ನಾನು ಊಹೆಯಿಂದ ಬರೆಯುತ್ತಿಲ್ಲ.

ನಾನು ಹರೆಯದಲ್ಲಿ ಒಂದು ಶಾಲೆಯಲ್ಲಿ ಪಾಠದೊಂದಿಗೆ ಆಟವನ್ನೂ ನೋಡಿಕೊಳ್ಳುತ್ತಿದ್ದೆನು. ನನಗೆ ಹೆಸರೇನೂ ಇರಲಿಲ್ಲ, ಹೆಸರಿನ ಹಸಿವು ಮಾತ್ರ ಇತ್ತು. ಒಬ್ಬ ಹುಡುಗನು ಮೂರು ವರ್ಷ ಒಂದು ದಿನವೂ ತಪ್ಪದೆ ಬಯಲಿಗೆ ಬಂದನು. ಓಟದಲ್ಲಿ ಮಂದ, ಗುರಿಯಲ್ಲಿ ಇನ್ನೂ ಮಂದ. ಚೆಂಡುಗಳ ಚೀಲವನ್ನು ಹೊರುವದು, ನೀರಿನ ಬಿಂದಿಗೆಯನ್ನು ತರುವದು, ಸುಣ್ಣದ ಗೆರೆ ಎಳೆಯುವದು ಅವನ ಪಾಲಿಗೆ ಬಂದವು. ಅವನ ಕಡೆಯ ವರ್ಷದ ಕಡೆಯ ಪಂದ್ಯದಲ್ಲಿ ನಾವು ಮೂರು ಗೋಲು ಮುಂದಿದ್ದೆವು; ಹೊತ್ತು ಇನ್ನು ಏಳೆಂಟು ನಿಮಿಷ. ಅವನು ಅಂಗಿಯನ್ನು ತೊಟ್ಟುಕೊಂಡು ಗೆರೆಯ ಬಳಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದನು. ನಾನು ಕಳುಹಿಸಲಿಲ್ಲ. ನನಗೆ ನಾಲ್ಕನೆಯ ಗೋಲು ಬೇಕಾಗಿತ್ತು.

ಇಪ್ಪತ್ತು ವರ್ಷಗಳಾದ ಮೇಲೆ ದಾವಣಗೆರೆಯ ಮಂಡಿಯಲ್ಲಿ ಮೆಕ್ಕೆಜೋಳವನ್ನು ತೂಗಿಸುತ್ತಿದ್ದವನೊಬ್ಬನು ನನ್ನ ಗುರುತು ಹಿಡಿದು ಬಂದು ನಮಸ್ಕರಿಸಿದನು. ಅವನೇ. ಕೂರಿಸಿ ಚಹ ತರಿಸಿದನು, ಮಕ್ಕಳ ಓದಿನ ಸಂಗತಿ ಹೇಳಿದನು. ಆ ಪಂದ್ಯದ ಮಾತು ಹೇಗೋ ಬಂತು. ಅವನು ನಕ್ಕು, “ಆವತ್ತು ನಮ್ಮವ್ವ ನೋಡೋಕೆ ಬಂದಿದ್ದಳು, ಮೇಷ್ಟ್ರೇ,” ಎಂದನು. ದೂರಾಗಿ ಹೇಳಲಿಲ್ಲ. ಅವನ ಅವ್ವ ಬಂದಿದ್ದಳೆಂಬದು ನನಗೆ ಅಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕಳುಹಿಸುತ್ತಿದ್ದೆನೋ ಎಂಬದನ್ನು ಇಂದಿಗೂ ಎದೆ ಮುಟ್ಟಿ ಹೇಳಲಾರೆನು. ಆ ನಾಲ್ಕನೆಯ ಗೋಲು ಆಯಿತೋ ಇಲ್ಲವೋ ಎಂಬದು ನನಗೆ ಈಗ ನೆನಪಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ವೃತ್ತಾಂತವನ್ನು ಇಡುತ್ತೇನೆ. ಎರಿಕ್ ಲಿಡೆಲ್ ಎಂಬವರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರುವರು. ಸ್ಕಾಟ್ಲೆಂಡಿನ ಪರವಾಗಿ ರಗ್ಬಿ ಎಂಬ ಚೆಂಡಾಟವನ್ನಾಡಿದ ಈ ಓಟಗಾರರು 1924ರಲ್ಲಿ ಪ್ಯಾರಿಸಿನ ಒಲಿಂಪಿಕ್ಸಿನಲ್ಲಿ, ನೂರು ಮೀಟರಿನ ಮೊದಲ ಸುತ್ತು ಆದಿತ್ಯವಾರದಲ್ಲಿ ಬಂದದರಿಂದ ಅದನ್ನು ಬಿಟ್ಟುಕೊಟ್ಟು, ನಾನೂರು ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಗೆದ್ದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮರುವರ್ಷವೇ ಅವರು ಚೀನಾ ದೇಶದ ಟಿಯನ್‌ಜಿನ್ ಪಟ್ಟಣಕ್ಕೆ ಹೋಗಿ ಅಲ್ಲಿಯ ಒಂದು ಮಿಶನ್ ಕಾಲೇಜಿನಲ್ಲಿ ವಿಜ್ಞಾನವನ್ನೂ ಆಟವನ್ನೂ ಕಲಿಸುತ್ತಾ ಉಳಿದದ್ದನ್ನು ಕೆಲವರೇ ಹೇಳುತ್ತಾರೆ. ಯುದ್ಧಕಾಲದಲ್ಲಿ, 1943ರಲ್ಲಿ, ಜಪಾನಿನವರು ಅವರನ್ನು ವೆಯಿಶಿಯನ್ ಎಂಬಲ್ಲಿ ಇತರ ಪರದೇಶದವರೊಂದಿಗೆ ಸೆರೆಯಲ್ಲಿಟ್ಟರು. ತಂದೆತಾಯಿಗಳಿಂದ ಅಗಲಿದ್ದ ಮಕ್ಕಳು ಆ ಶಿಬಿರದಲ್ಲಿ ಅನೇಕರಿದ್ದರು. ಲಿಡೆಲರು ಅವರಿಗೆ ಪಾಠ ಹೇಳಿ, ಆಟಗಳನ್ನು ಏರ್ಪಡಿಸಿ, ಮುರಿದ ಹಾಕಿ ಕೋಲುಗಳನ್ನು ಹರಿದ ಬಟ್ಟೆಯಿಂದ ಕಟ್ಟಿಕೊಡುತ್ತಿದ್ದರು. ಆದಿತ್ಯವಾರ ಮಾತ್ರ ಆಟವಿಲ್ಲ. ಆದರೆ ಒಂದು ಆದಿತ್ಯವಾರ ಹುಡುಗರು ತಾವಾಗಿಯೇ ಹಾಕಿ ಆಡುವದಕ್ಕೆ ಹೋಗಿ, ತೀರ್ಪು ಹೇಳುವವರಿಲ್ಲದೆ ಹೊಡೆದಾಡಿಕೊಂಡರು. ಮುಂದಿನ ಆದಿತ್ಯವಾರ ಲಿಡೆಲರು ಬಯಲಿಗೆ ಬಂದು ತೀರ್ಪುಗಾರರಾಗಿ ನಿಂತರೆಂದು ಆ ಶಿಬಿರದಲ್ಲಿ ಬೆಳೆದವರು ಹೇಳಿದ್ದಾರೆ.

ಇದರ ವಿಷಯವಾಗಿ ನಮ್ಮಲ್ಲಿ ಎರಡು ಅಭಿಪ್ರಾಯಗಳು ಇರಬಹುದು. ಚಿನ್ನದ ಪದಕಕ್ಕಾಗಿ ಮುರಿಯದ ನಿಯಮವನ್ನು ಪುಂಡು ಹುಡುಗರ ಜಗಳಕ್ಕಾಗಿ ಮುರಿದರಲ್ಲಾ ಎಂದು ಹಿರಿಯರೊಬ್ಬರು ನನ್ನೊಂದಿಗೆ ವಾದಿಸಿದ್ದುಂಟು. ನಾನು ಬೇರೆ ರೀತಿಯಾಗಿ ಎಣಿಸುತ್ತೇನೆ. ಪ್ಯಾರಿಸಿನಲ್ಲಿ ಬಿಟ್ಟದ್ದು ತನ್ನ ಗೆಲವನ್ನು. ವೆಯಿಶಿಯನಿನಲ್ಲಿ ಬಿಟ್ಟದ್ದು ತನ್ನ ಕಟ್ಟುನಿಟ್ಟಿನ ಹೆಸರನ್ನು. ಎರಡನೆಯದನ್ನು ಬಿಡುವದೇ ಹೆಚ್ಚು ಕಷ್ಟ, ಯಾಕಂದರೆ ಅದಕ್ಕೆ ಕೈ ತಟ್ಟುವವರು ಇಲ್ಲ. 1945ರ ಫೆಬ್ರವರಿ 21ರಲ್ಲಿ, ಮಿದುಳಿನ ಗಡ್ಡೆಯಿಂದ, ಅದೇ ಶಿಬಿರದಲ್ಲಿ ಅವರು ತೀರಿಕೊಂಡರು. ವಯಸ್ಸು 43.

ಕಲಿಸುವವನು ಹುಡುಗರನ್ನು ಎಷ್ಟರ ಮಟ್ಟಿಗೆ ತನ್ನ ಇಚ್ಛೆಗೆ ಬಗ್ಗಿಸಬಹುದೆಂಬ ಪ್ರಶ್ನೆಯೂ ಇದರೊಂದಿಗೆ ಸೇರಿದೆ. 1891ರಲ್ಲಿ ಕಾಶ್ಮೀರದ ಶ್ರೀನಗರದಲ್ಲಿ ಟಿಂಡೇಲ್ ಬಿಸ್ಕೋ ಎಂಬ ಮಿಶನ್ ಶಾಲೆಯ ಗುರುಗಳು ಮೊದಲ ಕಾಲ್ಚೆಂಡನ್ನು ತಂದಾಗ, ಅದು ತೊಗಲಿನದೆಂದು ಮೇಲಿನ ಜಾತಿಯ ಹುಡುಗರು ಮುಟ್ಟಲಿಲ್ಲ. ಅವರು ಕೋಲು ಹಿಡಿದವರನ್ನು ಸುತ್ತಲೂ ನಿಲ್ಲಿಸಿ ಆಡಿಸಿದರು. ತೊಗಲನ್ನು ಹದಮಾಡಿದ ಕೈಗಳ ಮಕ್ಕಳೂ ಮೊಮ್ಮಕ್ಕಳೂ ನಮ್ಮ ಸಭೆಗಳಲ್ಲಿ ಬಹಳ ಮಂದಿ ಇರುವದರಿಂದ, ಈ ಕಥೆಯನ್ನು ಕೇಳಿ ನಗುವದಕ್ಕೆ ನಮಗೆ ಹಕ್ಕುಂಟು. ಆದರೂ ಕೋಲಿನ ಮುಂದೆ ಆಡಿದ ಆಟವನ್ನು ಆಟವೆನ್ನಬಹುದೋ? ಜಾತಿಯ ಕಟ್ಟು ಮುರಿಯಿತು, ಒಳ್ಳೆಯದೇ. ಆ ಹುಡುಗರು ಮುಂದೆ ಆಟವನ್ನು ತಾವಾಗಿಯೇ ಪ್ರೀತಿಸಿದರೆಂಬದೂ ನಿಜ. ಹಾಗಿದ್ದರೂ ನನ್ನ ಮನಸ್ಸು ಆ ಕೋಲಿನ ಬಳಿಯಲ್ಲಿಯೇ ಎಡವುತ್ತದೆ. 1920ರಲ್ಲಿ ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ವೈ. ಎಂ. ಸಿ. ಎ. ಪಕ್ಷದಿಂದ ಅಂಗಸಾಧನೆಯ ಕಾಲೇಜನ್ನು ಸ್ಥಾಪಿಸಿದ ಮೇಲೆ, ಆಟ ಕಲಿಸುವದಕ್ಕೂ ತರಬೇತು ಬೇಕು, ಅದೂ ಒಂದು ವಿದ್ಯೆ ಎಂಬದು ದಕ್ಷಿಣದ ಶಾಲೆಗಳಿಗೆ ತಿಳಿಯಿತು. ನಮ್ಮ ಶಾಲೆಗಳ ಡ್ರಿಲ್ ಮೇಷ್ಟ್ರಿಗೆ ಸಿಕ್ಕಿದ ಅಲ್ಪ ಸ್ವಲ್ಪ ಮರ್ಯಾದೆಯು ಅಲ್ಲಿಂದ ಬಂದದ್ದು.

ಈಗ ಆ ತಂದೆಯ ಮಗನ ಸಂಗತಿಗೆ ತಿರುಗುತ್ತೇನೆ. ಕಳೆದ ತಿಂಗಳು ದಾವಣಗೆರೆಗೆ ಹೋದಾಗ ಅವನ ಕಾಲೇಜಿನ ಬಯಲಿಗೆ ಹೋಗಿ ನೋಡಿದೆನು. ನಲವತ್ತು ಹುಡುಗರಿದ್ದರು, ಹೆಚ್ಚಿನವರು ಸುತ್ತಣ ಹಳ್ಳಿಗಳವರು, ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುವವರು. ಅವನು ಕುಂಟುತ್ತಾ ಅವರ ನಡುವೆ ಓಡಾಡುತ್ತಿದ್ದನು. ಪ್ರತಿ ಪಂದ್ಯದಲ್ಲಿಯೂ ಕರೆದುಕೊಂಡು ಹೋದ ಹುಡುಗರೆಲ್ಲರನ್ನೂ ಸ್ವಲ್ಪ ಹೊತ್ತಾದರೂ ಆಡಿಸುವದು ಅವನ ಕ್ರಮವಂತೆ. ಇದರಿಂದ ಈ ವರ್ಷ ಎರಡು ಪಂದ್ಯಗಳು ಕೈತಪ್ಪಿದವು. ಕಾಲೇಜಿನವರು ಅವನನ್ನು ಕರೆದು, ಗೆಲ್ಲಿಸುವದಕ್ಕಾಗಿ ತಾನೇ ನಿನ್ನನ್ನು ಇಟ್ಟುಕೊಂಡದ್ದು ಎಂದು ಕೇಳಿದ್ದಾರೆ. ಅವರ ಮಾತನ್ನೂ ತಳ್ಳಿಹಾಕಲಾಗದು. ಚೆನ್ನಾಗಿ ಆಡುವ ಹುಡುಗನಿಗೆ ಗೆಲವಿನಿಂದ ಒಂದು ಕೆಲಸವೋ ಒಂದು ವಿದ್ಯಾರ್ಥಿವೇತನವೋ ಸಿಕ್ಕಬಹುದು. ಮಂದನಿಗೆ ಹತ್ತು ನಿಮಿಷ ಕೊಟ್ಟು ಚುರುಕಾದವನ ಅನ್ನವನ್ನು ಕಳೆಯಬಹುದೋ?

ನಾನು ಅವನಿಗೆ ಇದನ್ನೇ ಕೇಳಿದೆನು. ಅವನು ಬಹಳ ಹೊತ್ತು ಯೋಚಿಸಿ, ಪಾರಿತೋಷಕದ ಕಡೆಯ ಸುತ್ತುಗಳಲ್ಲಿ ಬಲವಾದ ತಂಡವನ್ನೇ ಆಡಿಸುವೆನು, ಬಾಕಿ ಪಂದ್ಯಗಳಲ್ಲಿ ಎಲ್ಲರನ್ನೂ ಆಡಿಸುವೆನು, ಇದನ್ನು ಹುಡುಗರಿಗೆ ವರ್ಷದ ಮೊದಲೇ ಹೇಳಿಬಿಡುವೆನು, ಎಂದನು. ಇದು ಪೂರಾ ನ್ಯಾಯವೆಂದು ನನಗೂ ತೋರಲಿಲ್ಲ, ಅವನಿಗೂ ತೋರಲಿಲ್ಲ. ಮೊದಲೇ ಹೇಳಿಬಿಡುವದು ಮಾತ್ರ ಸರಿಯೆಂದು ಇಬ್ಬರೂ ಒಪ್ಪಿದೆವು. ನನ್ನ ಹುಡುಗನಿಗೆ ನಾನು ಅಷ್ಟನ್ನೂ ಮಾಡಿರಲಿಲ್ಲ. ಅವನ ಕೆಲಸವು ಬರುವ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ಅಲ್ಲಿಂದ ಹರಿಹರದ ಬಸ್ಸು ಹತ್ತಿ, ಇಳಿದು, ಹೊಳೆಯ ದಂಡೆಯ ಆ ಮನೆಗೆ ಹೋಗಿ ಕಂಡದ್ದನ್ನೆಲ್ಲಾ ಹೇಳಿದೆನು. ತಂದೆಯು ಸುಮ್ಮನೆ ಕೇಳಿದನು. ಸೋತ ಎರಡು ಪಂದ್ಯಗಳ ಮಾತಿಗೆ ಮುಖ ಸಣ್ಣದು ಮಾಡಿದನು. ಆಮೇಲೆ, ಆ ನಲವತ್ತು ಹುಡುಗರಲ್ಲಿ ನಮ್ಮ ಕಡೆಯ ಹಳ್ಳಿಗಳವರು ಯಾರು ಯಾರು ಎಂದು ಕೇಳಿದನು. ನನಗೆ ತಿಳಿದಷ್ಟನ್ನು ಹೇಳಿದೆನು. ಬರುವ ಶನಿವಾರ ಅವರ ಪಂದ್ಯವು ಹರಿಹರದಲ್ಲಿಯೇ ಇದೆ. ಎಷ್ಟು ಗಂಟೆಗೆ ಎಂದು ಎರಡು ಸಾರಿ ಕೇಳಿಕೊಂಡನು.